ಕೊಂಬಿಲ್ಲದ ಎತ್ತಿಗೆ ಸುಂಕವಿಲ್ಲ

ನನ್ನ ಅಕ್ಕನ ಮಗಳು ಸಿರುಗುಪ್ಪದಲ್ಲಿ ಆರನೇ ತರಗತಿ ಓದುತ್ತಾಳೆ. ಕಾರು ಹತ್ತಿದರೆ ಬೇರೆ ಮಕ್ಕಳಿಗೆ ನಿದ್ದೆ ಬರುತ್ತದೆ, ಇವಳಿಗೆ ಪ್ರಶ್ನೆಗಳು ಬರುತ್ತವೆ. ಹೋದ ಬೇಸಿಗೆ ರಜೆಯಲ್ಲಿ ನಸುಕಿಗೇ ಎದ್ದು ತೆಕ್ಕಲಕೋಟೆ, ಬಳ್ಳಾರಿ, ಚಳ್ಳಕೆರೆ, ಹಿರಿಯೂರು ದಾಟಿ ಬೆಂಗಳೂರಿಗೆ ಹೊರಟಿದ್ದೆವು. ಭಾವ ಗಾಡಿ ಓಡಿಸುತ್ತಿದ್ದರು. ತುಮಕೂರು ಕಳೆದು ಕ್ಯಾತ್ಸಂದ್ರದ ಟೋಲಿಗೆ ಬಂದಾಗ ನಮ್ಮ ಮುಂದೆ ಅಕ್ಕಿ ಮೂಟೆ ಹೇರಿದ ಲಾರಿಯೊಂದು ನಿಂತಿತ್ತು. ಡ್ರೈವರ್ ಕಿಟಕಿಯಿಂದ ಕೈ ಹೊರಗೆ ಹಾಕಲಿಲ್ಲ, ಯಾರೂ ಅವನ ಹತ್ತಿರ ಬರಲಿಲ್ಲ. 'ಟಿಂವ್' ಎಂದು ಸದ್ದಾಯಿತು, ಅಡ್ಡಗೋಲು ಎದ್ದಿತು, ಲಾರಿ ಹೋಯಿತು. ನಮಗೂ ಹಾಗೇ ಆಯಿತು. ಭಾವನ ಮೊಬೈಲಿಗೆ ಮಾತ್ರ ಒಂದು ಮೆಸೇಜು ಬಂತು.

"ಮಾಮಾ, ಅಪ್ಪ ದುಡ್ಡೇ ಕೊಡಲಿಲ್ಲ. ಆ ಕೋಲಿಗೆ ಯಾರು ಹೇಳಿದ್ರು ನಮ್ಮನ್ನ ಬಿಡು ಅಂತ?"

ಹೇಳಿದ್ದು ಗಾಜಿಗೆ ಅಂಟಿಸಿದ ಚೀಟಿ. ಫಾಸ್ಟ್ಯಾಗ್ ಎಂದು ಅದರ ಹೆಸರು. 2021ರ ಫೆಬ್ರವರಿ ನಡುವಿನಿಂದ ರಾಷ್ಟ್ರೀಯ ಹೆದ್ದಾರಿಯ ಟೋಲುಗಳಲ್ಲಿ ಅದು ಕಡ್ಡಾಯ. ನಾನು ಇಷ್ಟು ಹೇಳುವಷ್ಟರಲ್ಲಿ ಅವಳು ಸೀಟಿನ ನಡುವೆ ಮುಖ ತೂರಿಸಿ ಚೀಟಿಯನ್ನು ನೋಡಿದಳು. "ಇದಕ್ಕೆ ಸೆಲ್ ಎಲ್ಲಿ ಹಾಕ್ತಾರೆ?"

ಒಳ್ಳೆಯ ಪ್ರಶ್ನೆ. ಅದಕ್ಕೆ ಸೆಲ್ಲೇ ಇಲ್ಲ. ವರ್ಷಗಟ್ಟಲೆ ಬಿಸಿಲಿನಲ್ಲಿ ಗಾಜಿಗೆ ಅಂಟಿಕೊಂಡಿರುವ ಆ ಚೀಟಿಯ ಹೊಟ್ಟೆಯಲ್ಲಿ ಇರುವುದು ಎರಡೇ ವಸ್ತು. ರಾಗಿ ಕಾಳಿಗಿಂತ ಸಣ್ಣದೊಂದು ಚಿಪ್ಪು, ಅದರ ಎರಡೂ ಕಡೆ ಅಂಕುಡೊಂಕಾಗಿ ಹರಿದ ತೆಳ್ಳನೆಯ ಲೋಹದ ಗೆರೆಗಳು. ಆ ಗೆರೆಗಳೇ ಆಂಟೆನಾ.

ಅದು ಮಾತಾಡುವ ಬಗೆ ನಿಮಗೆ ಆಗಲೇ ಗೊತ್ತು. ಬಿಸಿಲಿನಲ್ಲಿ ಕನ್ನಡಿ ಹಿಡಿದು ಎದುರು ಮನೆಯ ಗೋಡೆಗೆ ಬೆಳಕು ಬಿಟ್ಟಿದ್ದೀರಲ್ಲ? ಕನ್ನಡಿಗೆ ಸೆಲ್ ಬೇಕೇ? ಬೆಳಕು ಸೂರ್ಯನದು, ಕನ್ನಡಿ ಅದನ್ನು ತಿರುಗಿಸಿ ಕಳಿಸುತ್ತದೆ ಅಷ್ಟೆ. ಈಗ ಕನ್ನಡಿಯ ಮೇಲೆ ಕೈ ಮುಚ್ಚಿ, ತೆಗೆದು, ಮುಚ್ಚಿ, ತೆಗೆದು ಮಾಡಿ. ಎದುರು ಮನೆಯ ಗೆಳತಿಯ ಜೊತೆ ಮೊದಲೇ ಮಾತಾಡಿಕೊಂಡಿದ್ದರೆ, ಎರಡು ಸಲ ಮಿಂಚಿದರೆ 'ಆಡಕ್ಕೆ ಬಾ', ಮೂರು ಸಲ ಮಿಂಚಿದರೆ 'ಅಮ್ಮ ಬಯ್ತಾಳೆ, ಬರಲ್ಲ'.

ಟೋಲಿನ ಸೂರಿನ ಕೆಳಗೆ, ದಾರಿಯ ನೆತ್ತಿಯ ಮೇಲೆ ಒಂದು ಚಪ್ಪಟೆ ಪೆಟ್ಟಿಗೆ ತೂಗಿರುತ್ತದೆ. ಅದು ಸೂರ್ಯ. ಬೆಳಕಿನ ಬದಲು ರೇಡಿಯೋ ಅಲೆ ಸುರಿಸುತ್ತದೆ, ಸೆಕೆಂಡಿಗೆ ಸುಮಾರು 86 ಕೋಟಿ ಸಲ ಏರಿಳಿಯುವ ಅಲೆ. ಒಂದೊಂದು ಅಲೆಯ ಉದ್ದ ನಿಮ್ಮ ಶಾಲೆಯ ಸ್ಕೇಲಿಗಿಂತ ತುಸು ಹೆಚ್ಚು, 35 ಸೆಂಟಿಮೀಟರ್. ಕಾರು ಹತ್ತಿರ ಬಂದಾಗ ಚೀಟಿಯ ಆಂಟೆನಾ ಆ ಅಲೆಯಲ್ಲಿ ಒಂದು ಚೂರು ಕುಡಿಯುತ್ತದೆ. ಪುಟ್ಟ ಎಲ್‌ಇಡಿ ಬಲ್ಬು ಉರಿಯಲು ಬೇಕಾದ ಶಕ್ತಿಯಲ್ಲಿ ಸಾವಿರಕ್ಕೊಂದು ಪಾಲು ಸಿಕ್ಕರೂ ಚಿಪ್ಪಿಗೆ ಎಚ್ಚರವಾಗುತ್ತದೆ. ಎದ್ದ ಕೂಡಲೇ ಅದು ಮಾಡುವ ಕೆಲಸ ಕನ್ನಡಿಗೆ ಕೈ ಮುಚ್ಚಿ ತೆಗೆಯುವುದು: ಬಂದ ಅಲೆಯನ್ನು ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ ವಾಪಸು ಕಳಿಸುತ್ತದೆ. ಈ ಜೋರು-ಮೆಲ್ಲಗೆಯಲ್ಲೇ ತನ್ನ ನಂಬರು ಹೇಳಿ ಮುಗಿಸುತ್ತದೆ. ನೀವು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ.

ಈ ಉಪಾಯದ ಹಿಂದೆ ಒಂದು ಗೂಢಚಾರರ ಕಥೆಯೂ ಇದೆ. 1945ರಲ್ಲಿ ಸೋವಿಯತ್ ದೇಶದ ಶಾಲಾ ಮಕ್ಕಳು ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿಗೆ ಮರದಲ್ಲಿ ಕೆತ್ತಿದ ದೊಡ್ಡ ಲಾಂಛನವೊಂದನ್ನು ಉಡುಗೊರೆ ಕೊಟ್ಟರು. ಚೆಂದ ಇದೆ ಎಂದು ಅವರು ಅದನ್ನು ಮನೆಯ ಗೋಡೆಗೆ ತೂಗುಹಾಕಿದರು. ಒಳಗೆ ಲಿಯಾನ್ ಥೆರೆಮಿನ್ ಎಂಬ ವಿಜ್ಞಾನಿ ರೂಪಿಸಿದ, ಸೆಲ್ಲಿಲ್ಲದ ಒಂದು ಕಿವಿ ಇತ್ತು. ಹೊರಗೆ ನಿಂತ ಗೂಢಚಾರರು ರೇಡಿಯೋ ಅಲೆ ಬಿಟ್ಟಾಗ ಮಾತ್ರ ಅದಕ್ಕೆ ಜೀವ, ಕೋಣೆಯ ಮಾತೆಲ್ಲ ಅಲೆಯ ಬೆನ್ನೇರಿ ಹೊರಕ್ಕೆ. ಸಿಕ್ಕಿಬಿದ್ದದ್ದು 1952ರಲ್ಲಿ. ಏಳು ವರ್ಷ! ನಮ್ಮ ಗಾಜಿನ ಚೀಟಿ ಅದರ ಸಂಬಂಧಿ. ಆದರೆ ಪಾಪದ ಸಂಬಂಧಿ, ತನ್ನೊಳಗೆ ಬರೆದಿಟ್ಟದ್ದನ್ನು ಬಿಟ್ಟು ಬೇರೇನನ್ನೂ ಹೇಳಲಾರದು.

ದುಡ್ಡು ಚೀಟಿಯೊಳಗೆ ಇರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಇಲ್ಲ. ದುಡ್ಡು ಬ್ಯಾಂಕಿನ ಖಾತೆಯಲ್ಲಿದೆ. ಟೋಲಿನ ಕಂಪ್ಯೂಟರ್ ಆ ನಂಬರು ಹಿಡಿದು ಲೆಕ್ಕ ಕಳಿಸುತ್ತದೆ, ಬ್ಯಾಂಕು ಖಾತೆಯಿಂದ ಮುರಿದುಕೊಳ್ಳುತ್ತದೆ. ಖಾತೆ ಬರಿದಾಗಿದ್ದರೆ ಕೋಲು ಏಳುವುದಿಲ್ಲ. 2025ರ ನವೆಂಬರ್ 15ರಂದು ಬಂದ ನಿಯಮ ಹೀಗಿತ್ತು: ಸರಿಯಾದ ಫಾಸ್ಟ್ಯಾಗ್ ಇಲ್ಲದೆ ಬಂದು ನಗದು ಕೊಟ್ಟರೆ ಎರಡು ಪಟ್ಟು, ಮೊಬೈಲಿನ ಯುಪಿಐನಲ್ಲಿ ಕೊಟ್ಟರೆ ಒಂದೂಕಾಲು ಪಟ್ಟು. ನೂರು ರೂಪಾಯಿ ಜಾಗದಲ್ಲಿ ಇನ್ನೂರು, ಇಲ್ಲವೇ ನೂರಿಪ್ಪತ್ತೈದು. ಸ್ವಂತ ಕಾರಿನವರಿಗೆ ವಾರ್ಷಿಕ ಪಾಸೂ 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಶುರುವಾಯಿತು. ಒಂದು ವರ್ಷ ಅಥವಾ 200 ದಾಟು, ಯಾವುದು ಮೊದಲೋ ಅದು. ನಿಮ್ಮ ಅಪ್ಪ ವರ್ಷಕ್ಕೆ ಎಷ್ಟು ಟೋಲು ದಾಟುತ್ತಾರೆ, ಪಾಸು ಲಾಭವೋ ನಷ್ಟವೋ ಎಂಬ ಲೆಕ್ಕ ನೀವೇ ಮಾಡಿಕೊಡಿ.

ನನ್ನ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಹೊಸ ಕಾರಿನ ಗಾಜು ಕೆಡುತ್ತದೆಂದು ಚೀಟಿಯನ್ನು ಅಂಟಿಸದೆ ಸ್ಟೀಲಿನ ಪೆಟ್ಟಿಗೆಯೊಂದರಲ್ಲಿ ಇಟ್ಟಿದ್ದೆ. ಟೋಲಿನಲ್ಲಿ ಎಷ್ಟು ಹೊತ್ತಾದರೂ 'ಟಿಂವ್' ಇಲ್ಲ, ಹಿಂದಿನಿಂದ ಹಾರ್ನೋ ಹಾರ್ನು. ಲೋಹದ ಗೋಡೆಯನ್ನು ರೇಡಿಯೋ ಅಲೆ ದಾಟಲಾರದು. ಪರೀಕ್ಷೆ ಮಾಡಬೇಕೆಂದರೆ ಮನೆಯ ಪುಟ್ಟ ರೇಡಿಯೋ ಹಾಡುತ್ತಿರುವಾಗ ರೊಟ್ಟಿ ಸುತ್ತುವ ಅಲ್ಯುಮಿನಿಯಂ ಹಾಳೆಯಿಂದ ಅದನ್ನು ಸಂದಿಲ್ಲದಂತೆ ಸುತ್ತಿ ನೋಡಿ.

ಕೋಲಿನ ವಿಷಯ ಮುಗಿಯಿತು ಅಂದುಕೊಂಡೆ. ಇವಳಿಗೆ ಮುಗಿದಿರಲಿಲ್ಲ. "ಆ ಲಾರಿಗೂ ನಮಗೂ ಒಂದೇ ರೇಟಾ?"

ಅಲ್ಲ. ಟೋಲು ಗಾಡಿಯ ಅಚ್ಚು ಎಣಿಸುತ್ತದೆ. ಎರಡು ಗಾಲಿಗಳನ್ನು ಜೋಡಿಸುವ ಅಡ್ಡ ದಿಂಡು ಅಚ್ಚು. ಅಜ್ಜನ ಎತ್ತಿನ ಗಾಡಿಗೆ ಒಂದು, ಕಾರಿಗೆ ಎರಡು, ದೊಡ್ಡ ಲಾರಿಗೆ ನಾಲ್ಕು, ಐದು, ಆರು. ಬೈಕು, ಆಟೋ, ಟ್ರ್ಯಾಕ್ಟರ್, ಎತ್ತಿನ ಗಾಡಿಗೆ ಸಾಮಾನ್ಯವಾಗಿ ಟೋಲಿಲ್ಲ. 2008ರ ಹೆದ್ದಾರಿ ಶುಲ್ಕ ನಿಯಮದಲ್ಲಿ ಮೂಲದರ ಕಿಲೋಮೀಟರಿಗೆ ಕಾರಿಗೆ 65 ಪೈಸೆ, ಎರಡು ಅಚ್ಚಿನ ಬಸ್ಸು ಲಾರಿಗೆ 2 ರೂಪಾಯಿ 20 ಪೈಸೆ, ಏಳು ಅಥವಾ ಹೆಚ್ಚು ಅಚ್ಚಿನ ದೈತ್ಯನಿಗೆ 4 ರೂಪಾಯಿ 20 ಪೈಸೆ ಎಂದಿತ್ತು. ಬೆಲೆ ಏರಿದಂತೆ ವರ್ಷವರ್ಷ ಅದೂ ಏರುತ್ತಾ ಬಂದಿದೆ.

ಅಚ್ಚನ್ನೇ ಏಕೆ ಎಣಿಸಬೇಕು? ರಸ್ತೆಯ ಬೆನ್ನು ಮುರಿಯುವುದು ಅಚ್ಚಿನ ಭಾರ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವ ಎಂಬ ಊರಿನ ಬಳಿ ಪರೀಕ್ಷೆಗೆಂದೇ ರಸ್ತೆ ಹಾಕಿ, ಸೈನಿಕರನ್ನು ಕೂರಿಸಿ ಲಾರಿಗಳನ್ನು ಗಾಣದೆತ್ತಿನಂತೆ ಸುತ್ತಿಸಿದರು. ಸುಮಾರು 11 ಲಕ್ಷ ಸಲ ಅಚ್ಚು ಉರುಳಿತು. ಆಗ ಸಿಕ್ಕ ಲೆಕ್ಕ ವಿಚಿತ್ರವಾಗಿತ್ತು. ಅಚ್ಚಿನ ಭಾರ ಎರಡು ಪಟ್ಟಾದರೆ ರಸ್ತೆಯ ಸವೆತ ಎರಡು ಪಟ್ಟಲ್ಲ, ಹತ್ತಿರ ಹತ್ತಿರ 2×2×2×2, ಅಂದರೆ ಹದಿನಾರು ಪಟ್ಟು! ಲಾರಿಯ ಹಿಂದಿನ ಅಚ್ಚು ಕಾರಿನ ಅಚ್ಚಿಗಿಂತ ಹತ್ತೇ ಪಟ್ಟು ಭಾರ ಎಂದು ಹಿಡಿದರೂ ಸವೆತ ಹತ್ತು ಸಾವಿರ ಪಟ್ಟು. ಹತ್ತು ಟನ್ನಿನ ಜಾಗದಲ್ಲಿ ಹನ್ನೆರಡು ಟನ್ ಹೇರಿದರೆ? 1.2ನ್ನು ನಾಲ್ಕು ಸಲ ಗುಣಿಸಿ. ಎರಡಕ್ಕಿಂತ ಹೆಚ್ಚೇ ಬರುತ್ತದೆ. ಸಂಡೂರು, ಹೊಸಪೇಟೆ ಕಡೆ ಅದಿರಿನ ಲಾರಿಗಳು ಮಿತಿ ಮೀರಿ ಹೇರಿಕೊಂಡು ಓಡಾಡಿದ ಕಾಲದಲ್ಲಿ ಆ ರಸ್ತೆಗಳು ಏನಾದವು ಎಂದು ನಿಮ್ಮ ಅಪ್ಪಂದಿರನ್ನು ಕೇಳಿ.

ಅದರ ಮೇಲೆ ನಮ್ಮ ಮಣ್ಣು. ಕುರುಗೋಡು ಕಡೆಯ ಎರೆ ಹೊಲ ನೋಡಿದ್ದೀರಾ? ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಅದರಲ್ಲಿ ಗೋಲಿ ಬಿದ್ದರೆ ಸಿಗುವ ಮಾತಿಲ್ಲ. ಮಳೆ ಬಂದರೆ ಅದೇ ನೆಲ ಉಬ್ಬಿ ಚಪ್ಪಲಿ ಕಿತ್ತುಕೊಳ್ಳುತ್ತದೆ. ಎರೆ ಮಣ್ಣಿನ ಕಣಗಳು ಪದರ ಪದರವಾಗಿರುತ್ತವೆ. ನೀರು ಆ ಪದರಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತದೆ, ಒಣಗಿದಾಗ ಪದರಗಳು ಮತ್ತೆ ಅಂಟಿಕೊಳ್ಳುತ್ತವೆ. ಇಂಥ ಉಸಿರಾಡುವ ನೆಲದ ಮೇಲೆ ಡಾಂಬರು ಹಾಸಿದರೆ ಸಿರುಗುಪ್ಪದ ಭತ್ತದ ಲಾರಿ ಬರುವ ಮೊದಲೇ ಅದು ಅಲೆಯಲೆಯಾಗಿರುತ್ತದೆ. ಅದಕ್ಕೇ ಎರೆಯನ್ನು ಅಗೆದು ತೆಗೆದು ಗರಸು ತುಂಬುತ್ತಾರೆ, ಇಲ್ಲವೇ ಮಣ್ಣಿಗೆ ಸುಣ್ಣ ಬೆರೆಸಿ ಅದರ ಉಬ್ಬರ ಇಳಿಸುತ್ತಾರೆ. ಹೀಗಾಗಿ ನಮ್ಮ ಸೀಮೆಯಲ್ಲಿ ರಸ್ತೆ ಎಂದರೆ ಖರ್ಚು.

"ಹಂಗಾದ್ರೆ ಲಾರಿ ಹತ್ತು ಸಾವಿರ ಪಟ್ಟು ಕೊಡಬೇಕಲ್ಲ? ಮೂರೂವರೆ ಪಟ್ಟೂ ಕೊಡಲ್ಲ!"

ನಾನು ತುಸು ತಡವರಿಸಿದೆ. ಜಮೀನಿನ ಬೆಲೆ, ಸೇತುವೆ, ದೀಪ, ಗೆರೆ ಇವುಗಳ ಖರ್ಚು ಲಾರಿಯೊಬ್ಬನಿಂದ ಆದದ್ದಲ್ಲ, ಅಗಲವಾದ ರಸ್ತೆ ಬೇಕೆಂದದ್ದು ನಮ್ಮಂಥ ಕಾರಿನವರೂ ಹೌದು. ಮೇಲಾಗಿ ಲಾರಿಯಲ್ಲಿ ಇದ್ದದ್ದು ಅಕ್ಕಿ. ಲಾರಿಗೆ ಹಾಕಿದ ಸುಂಕ ಕೊನೆಗೆ ಬೆಂಗಳೂರಿನ ಯಾರದೋ ಅನ್ನದ ಪಾತ್ರೆಗೇ ಬೀಳುತ್ತದೆ. ಇಷ್ಟು ಹೇಳಿದೆ. ಅವಳಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ನನಗೂ ಅಷ್ಟೆ.

ಸುಂಕ ನಮ್ಮ ಕಡೆಗೆ ಹೊಸದಲ್ಲ. ಹಳೆಯ ಶಾಸನಗಳಲ್ಲಿ ದೊಡ್ಡ ಸರಕಿನ ಸುಂಕಕ್ಕೆ ಹೆಜ್ಜುಂಕ, ಚಿಲ್ಲರೆ ಸರಕಿನ ಸುಂಕಕ್ಕೆ ಕಿರುಕುಳ ಎನ್ನುತ್ತಿದ್ದರು. ಆ ಎರಡನೆಯ ಪದ ಇವತ್ತು ಯಾವ ಅರ್ಥಕ್ಕೆ ಇಳಿದಿದೆ ನೋಡಿ, ನಗು ಬರುತ್ತದೆ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ 1535ರ ಸುಮಾರಿಗೆ ಬರೆದಿಟ್ಟ ವಿವರ ಇನ್ನೂ ಸೊಗಸು. ಈಗಿನ ಹೊಸಪೇಟೆ ಆಗ ನಾಗಲಾಪುರ. ಅಲ್ಲಿಂದ ರಾಜಧಾನಿಗೆ ಹೋಗುವ ಬಾಗಿಲನ್ನು ವರ್ಷಕ್ಕೆ 12,000 ಪರದಾವೊಗೆ, ಅಂದರೆ ವರಹಕ್ಕೆ, ಗುತ್ತಿಗೆ ಕೊಟ್ಟಿದ್ದರಂತೆ. ಗುತ್ತಿಗೆದಾರ ಕೇಳಿದಷ್ಟು ಕೊಡದೆ ಊರಿನವನಿಗೂ ಪರದೇಶಿಗೂ ಒಳಗೆ ಪ್ರವೇಶವಿಲ್ಲ. ಇವತ್ತಿನ ಟೋಲುಗಳನ್ನೂ ಗುತ್ತಿಗೆಗೆ ಕೊಡುತ್ತಾರೆ, ಹಾಗಾಗಿ ಕಥೆ ಹಳತು ಅನ್ನಿಸುವುದೇ ಇಲ್ಲ. ದಿನಕ್ಕೆ 2,000 ಹೇರೆತ್ತು ಬರುತ್ತಿದ್ದವು, ಎತ್ತಿಗೆ ಮೂರು ವಿಂಟೆಂ ಎಂಬ ಚಿಲ್ಲರೆ ಕಾಸು. ಆದರೆ ಕೊಂಬಿಲ್ಲದ ಬೋಳು ಎತ್ತಿಗೆ ರಾಜ್ಯದಲ್ಲಿ ಎಲ್ಲಿಯೂ ಸುಂಕವಿಲ್ಲ!

"ಹಂಗಾದ್ರೆ ಎಲ್ಲರೂ ಕೊಂಬು ಕೊಯ್ಸಿಬಿಡ್ತಿದ್ರು," ಎಂದು ಭಾವ ಮುಂದಿನಿಂದ ಹೇಳಿದರು. ಬಾಗಿಲಲ್ಲಿ ನಿಂತವನ ಕೆಲಸ ನೆನೆಸಿಕೊಳ್ಳಿ. ಧೂಳು, ಗಂಟೆಯ ಸದ್ದು, ಎರಡು ಸಾವಿರ ಜೊತೆ ಕಿವಿಗಳ ನಡುವೆ ಕೊಂಬು ಎಣಿಸಬೇಕು. 'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ' ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ, ಅವನಿಗೆ ಪುರುಸೊತ್ತಾದರೂ ಎಲ್ಲಿತ್ತು?

ನಾಗಲಾಪುರದ ಬಾಗಿಲಿನದು ಊರೊಳಗೆ ಬರುವುದಕ್ಕೇ ಕೊಡುವ ಸುಂಕ. ಈಗಲೂ ಕೆಲವು ಮಹಾನಗರಗಳಲ್ಲಿ ಅಂಥದ್ದಿದೆ. ಸಿಂಗಪುರ 1975ರಲ್ಲಿ ಶುರು ಮಾಡಿತು, ಲಂಡನ್ 2003ರಲ್ಲಿ, ನ್ಯೂಯಾರ್ಕ್ 2025ರ ಜನವರಿಯಲ್ಲಿ. ಲಂಡನ್ನಿನಲ್ಲಿ ಅಡ್ಡಗೋಲೇ ಇಲ್ಲ, ಕ್ಯಾಮೆರಾಗಳು ನಂಬರ್ ಪ್ಲೇಟು ಓದುತ್ತವೆ. ಸಿಂಗಪುರದಲ್ಲಿ ಹೊತ್ತಿಗೊಂದು ರೇಟು. ಅಲ್ಲಿ ಶುಲ್ಕ ಹಾಕಿದ್ದು ಮುಖ್ಯವಾಗಿ ಗಾಡಿಗಳ ಜಾತ್ರೆ ಕರಗಿಸಲು. ನಮ್ಮ ಬಳ್ಳಾರಿಯಲ್ಲಿ ಅಂಥ ಶುಲ್ಕ ಇಲ್ಲ. ಆದರೆ ಸಂಜೆ ಮೋತಿ ಸರ್ಕಲ್ಲಿನಲ್ಲಿ ಸಿಕ್ಕಿಬಿದ್ದವರಿಗೆ ಇದರ ಗುಟ್ಟು ಬೇಗ ಅರ್ಥವಾದೀತು. ಆ ಗುಟ್ಟನ್ನು ಮನೆಯಲ್ಲೇ ನೋಡಬೇಕೆಂದರೆ, ಅಮ್ಮನನ್ನು ಕೇಳಿ ಒಂದು ಲೋಟ ಅಕ್ಕಿ ತೆಗೆದುಕೊಳ್ಳಿ, ಕಾಗದ ಸುತ್ತಿ ಸಣ್ಣ ಬಾಯಿಯ ಲಾಳಿಕೆ ಮಾಡಿ. ಮೆಲ್ಲಗೆ ಸುರಿದರೆ ಅಕ್ಕಿ ಸರಾಗವಾಗಿ ಇಳಿಯುತ್ತದೆ. ಇಡೀ ಲೋಟ ದಬಕ್ಕನೆ ಸುರಿದರೆ ಕಾಳುಗಳು ಒಂದಕ್ಕೊಂದು ಹೆಗಲು ಕೊಟ್ಟು ಬಾಯಲ್ಲಿ ಕಮಾನು ಕಟ್ಟಿ ನಿಂತುಬಿಡುತ್ತವೆ. ಬಾಯಿಯ ಅಗಲ ಅದೇ, ಅಕ್ಕಿಯೂ ಅದೇ. ತುಂಬಿದ ರಸ್ತೆಯಲ್ಲಿ ಹತ್ತು ಗಾಡಿ ಕಡಿಮೆಯಾದರೆ ಉಳಿದ ತೊಂಬತ್ತು ಹರಿಯತೊಡಗುವುದು ಇದೇ ಲೆಕ್ಕದಲ್ಲಿ.

ವಾಪಸು ಬರುವಾಗ ಅವಳು ಪ್ರಶ್ನೆ ಕೇಳಲಿಲ್ಲ. ನೋಟ್ ಬುಕ್ ತೊಡೆಯ ಮೇಲಿಟ್ಟುಕೊಂಡು ಎದುರಿಗೆ ಬರುವ ಲಾರಿಗಳ ಅಚ್ಚು ಎಣಿಸಿ ಗೀಟು ಹಾಕುತ್ತಿದ್ದಳು. ಚಳ್ಳಕೆರೆ ದಾಟಿದ ಮೇಲೆ ಒಂದು ಖಾಲಿ ಲಾರಿ ನಮ್ಮ ಪಕ್ಕಕ್ಕೆ ಬಂತು. ಅದರ ನಡುವಿನ ಒಂದು ಜೊತೆ ಗಾಲಿ ನೆಲಕ್ಕೆ ತಾಗದೆ ಗೇಣು ಮೇಲೆ ತೂಗುತ್ತಿತ್ತು. ಭಾರ ಇಲ್ಲದಾಗ ಟೈರು ಸವೆಯಬಾರದೆಂದು ಡ್ರೈವರ್‌ಗಳು ಹಾಗೆ ಎತ್ತಿಕೊಳ್ಳುತ್ತಾರೆ. ಅವಳ ಪೆನ್ಸಿಲ್ ನಿಂತಿತು.

"ಮಾಮಾ, ಅಚ್ಚು ಐದು ಐತಿ. ನೆಲ ಮುಟ್ಟಿರೋದು ನಾಲ್ಕೇ. ಬೋಳೆತ್ತು ಅಂತ ಬರೀಲಾ?"