ತರಗತಿಗೊಬ್ಬ ಶಿಕ್ಷಕರು

ಒಂದು ದಿನದ ಕೂಲಿ ಬಿಟ್ಟು, ಕಂಕುಳಲ್ಲಿ ಮಗು ಎತ್ತಿಕೊಂಡು ಇಲ್ಲಿಗೆ ಬಂದಿರುವ ತಾಯಂದಿರೇ, ತಂದೆಯರೇ,

ತಾಲ್ಲೂಕಿನ ಪೋಷಕರ ಈ ಸಮಾವೇಶಕ್ಕೆ ನನ್ನನ್ನು ಅಧ್ಯಕ್ಷೆಯಾಗಿ ಕರೆದಿದ್ದೀರಿ. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲೇ ಪಾಠ ಹೇಳಿ ನಿವೃತ್ತಳಾದವಳು ನಾನು. ಬೆಳಗಿನ ಗುಂಪು ಚರ್ಚೆಯಲ್ಲಿ ನೀವು ಹೇಳಿಕೊಂಡ ಕಷ್ಟಗಳನ್ನೆಲ್ಲ ಕೂತು ಕೇಳಿದ್ದೇನೆ. ಒಬ್ಬ ತಾಯಿಯ ಮಗುವಿಗೆ ಆರು ವರ್ಷ ತುಂಬಲು ಕೆಲವೇ ದಿನ ಕಡಿಮೆಯಂತೆ. ಇನ್ನೊಬ್ಬರ ಮಗನ ಟಿಸಿಯನ್ನು ಬಾಕಿ ಶುಲ್ಕದ ನೆಪ ಹೇಳಿ ಹಿಡಿದಿಟ್ಟಿದ್ದಾರಂತೆ. ಡೊನೇಷನ್‌ಗಾಗಿ ಓಲೆ ಅಡವಿಟ್ಟವರೂ ನಿಮ್ಮಲ್ಲಿದ್ದೀರಿ. ಮಧ್ಯದಲ್ಲಿ ಒಬ್ಬರು ಎದ್ದು, "ಮೇಡಂ, ಸರ್ಕಾರಿ ಶಾಲೆಗೇ ಹಾಕೋಣ ಅಂದ್ರೆ ಐದು ಕ್ಲಾಸಿಗೆ ಇಬ್ಬರೇ ಮೇಷ್ಟ್ರು, ಹೆಂಗೆ ಹಾಕೋದು?" ಅಂದರು. ನನ್ನ ಇವತ್ತಿನ ಭಾಷಣವೆಲ್ಲ ಆ ಒಂದು ಪ್ರಶ್ನೆಗೆ ಉತ್ತರ.

ಅದಕ್ಕೆ ಮೊದಲು ದಾಖಲಾತಿಯ ವಿಚಾರದಲ್ಲಿ ಕಾನೂನು ನಿಮಗೆ ಕೊಟ್ಟಿರುವುದನ್ನು ತಿಳಿದುಕೊಂಡು ಹೋಗಿ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂದು, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮಗುವನ್ನು ಸೇರಿಸಿಕೊಳ್ಳುವಾಗ ಮಗುವಿಗಾಗಲಿ ಅಪ್ಪ ಅಮ್ಮನಿಗಾಗಲಿ ಪರೀಕ್ಷೆ, ಸಂದರ್ಶನ ಮಾಡುವಂತಿಲ್ಲ. ಮಾಡಿದರೆ ಮೊದಲ ಸಲ 25 ಸಾವಿರ ರೂಪಾಯಿವರೆಗೆ, ಆಮೇಲೆ ಪ್ರತಿ ಸಲ 50 ಸಾವಿರದವರೆಗೆ ದಂಡವಿದೆ. ಡೊನೇಷನ್ ವಸೂಲು ಮಾಡಿದರೆ ಅದರ ಹತ್ತು ಪಟ್ಟಿನವರೆಗೆ ದಂಡ ಹಾಕಬಹುದು. ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ವಾಪಸು ಕಳಿಸುವಂತಿಲ್ಲ. ಟಿಸಿ ತಡವಾಯಿತೆಂದು ಸರ್ಕಾರಿ ಶಾಲೆ ನಿಮ್ಮ ಮಗುವನ್ನು ಬಾಗಿಲಲ್ಲಿ ನಿಲ್ಲಿಸುವಂತಿಲ್ಲ. ಇದನ್ನೆಲ್ಲ ಬಿಇಒ ಕಚೇರಿಯಲ್ಲಿ ಯಾರೂ ನಿಮಗೆ ಕರೆದು ಹೇಳುವುದಿಲ್ಲ, ನೀವೇ ಕೇಳಬೇಕು. ಬಾಯಿಮಾತಿನಲ್ಲಿ ಕೇಳಿದರೆ ಸಾಲದು. ಅರ್ಜಿ ಬರೆದುಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಆರು ವರ್ಷದ ನಿಯಮದ ಬಗ್ಗೆ ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಜೂನ್ 1ಕ್ಕೆ ಆರು ತುಂಬಿರಬೇಕೆಂದು 2022ರಲ್ಲಿ ಆದೇಶವಾಯಿತು, ಜಾರಿಯನ್ನು 2025-26ಕ್ಕೆ ಮುಂದೂಡಿದರು, ಆ ವರ್ಷ ಬಂದಾಗ ಮತ್ತೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದರು. ಆರು ವರ್ಷ ಅನ್ನುವುದು ಮಗುವಿನ ದೃಷ್ಟಿಯಿಂದ ಸರಿಯೆಂದೇ ನನ್ನ ಅಭಿಪ್ರಾಯ. ಐದಕ್ಕೇ ಒಂದನೇ ತರಗತಿಗೆ ಬಂದ ಮಕ್ಕಳು ಪೆನ್ಸಿಲ್ ಹಿಡಿಯಲು ಪಡುವ ಪಾಡು ಕಂಡವಳು ನಾನು. ಆದರೆ ಸರ್ಕಾರ ಒಂದು ಮಾತು ಹೇಳಿ ಅದರ ಮೇಲೆ ನಿಲ್ಲಬೇಕು. ಆ ನಿಯಮ ಲೆಕ್ಕ ಹಾಕಿಕೊಂಡೇ ಮಗುವನ್ನು ಮೂರಕ್ಕೋ ನಾಲ್ಕಕ್ಕೋ ಎಲ್‌ಕೆಜಿಗೆ ಸೇರಿಸುವ ತಾಯಿಯ ಕಾಲ ಕೆಳಗಿನ ನೆಲ ಪ್ರತಿ ವರ್ಷ ಜರುಗಬಾರದು.

ಕೇಳಬೇಕು ಎಂದೆನಲ್ಲ, ಈ ಹಕ್ಕು ಬಂದದ್ದೂ ಹಾಗೆ ಕೇಳಿದ್ದರಿಂದಲೇ. ಶಿಕ್ಷಣದ ಹಕ್ಕಿನ ಮೊದಲ ತೀರ್ಪು ಬಂದದ್ದು ನಮ್ಮ ರಾಜ್ಯದ ಒಂದು ಅಡ್ಮಿಷನ್ ವ್ಯಾಜ್ಯದಲ್ಲಿ. ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದು ಕೇಳಿದ ಹಣ ಕೊಡಲಾಗದೆ ಸೀಟು ತಪ್ಪಿದ ಹೆಣ್ಣುಮಗಳು ಸುಪ್ರೀಂ ಕೋರ್ಟಿಗೆ ಹೋದಳು. ಮೋಹಿನಿ ಜೈನ್ ಮತ್ತು ಕರ್ನಾಟಕ ರಾಜ್ಯ ನಡುವಿನ ಆ ಪ್ರಕರಣದಲ್ಲಿ, 1992ರಲ್ಲಿ, ಶಿಕ್ಷಣವೂ ಬದುಕುವ ಹಕ್ಕಿನ ಭಾಗ ಎಂದು ನ್ಯಾಯಾಲಯ ಹೇಳಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಆ ಹಕ್ಕನ್ನು 14 ವರ್ಷದವರೆಗೆ ಎಂದು ಗೆರೆ ಎಳೆದರು. 2002ರಲ್ಲಿ ಅದು ಸಂವಿಧಾನಕ್ಕೆ ಸೇರಿತು. ಹಣ ಕೇಳಿದ ಕಡೆ ತಲೆ ತಗ್ಗಿಸದೆ ಪ್ರಶ್ನೆ ಕೇಳಿದ ಒಬ್ಬಳ ಹಟದಿಂದ ಇಷ್ಟು ದೂರ ಬಂದಿದ್ದೇವೆ.

ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳು ಬಡ ಮಕ್ಕಳಿಗೆ ಕೊಡಬೇಕಾದ ಶೇ. 25ರ ಸೀಟಿನ ಮಾತು ಬೆಳಿಗ್ಗೆ ಬಹಳ ಬಂತು. ನಮ್ಮ ರಾಜ್ಯದಲ್ಲಿ 2012-13ರಿಂದ ಆ ಸೀಟುಗಳು ಸಿಗುತ್ತಿದ್ದವು. 2018ರ ಕೊನೆಯಲ್ಲಿ ಸರ್ಕಾರ ನಿಯಮ ತಿದ್ದಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಿಲ್ಲ ಎಂದಿತು. 2019ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಲಕ್ಷದ ಲೆಕ್ಕದಲ್ಲಿದ್ದ ಸೀಟುಗಳು ಸಾವಿರಗಳಿಗೆ ಇಳಿದವು. ಬಡವರ ಮಕ್ಕಳನ್ನು ಸರ್ಕಾರವೇ ದುಡ್ಡು ಕೊಟ್ಟು ಖಾಸಗಿ ಶಾಲೆಗೆ ಕಳಿಸಿದರೆ ತನ್ನ ಶಾಲೆಗಳು ಬರಿದಾಗುತ್ತವೆ ಎಂಬುದು ಆಗ ಕೇಳಿಬಂದ ವಾದ. ಆ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಒಂದು ಬಾಗಿಲು ಮುಚ್ಚಿದವರು ಇನ್ನೊಂದು ಬಾಗಿಲನ್ನು ಅಗಲ ಮಾಡಬೇಕಾಗಿತ್ತು. ನಿಮ್ಮ ಮಗುವಿಗೆ ಊರಿನ ಶಾಲೆಯೇ ಸಾಕು ಎಂದು ಹೇಳಿದ ದಿನದಿಂದ, ಆ ಶಾಲೆಯನ್ನು ಸಾಕೆನ್ನುವಂತೆ ಮಾಡುವ ಹೊಣೆ ಸರ್ಕಾರದ್ದು. ಆ ಹೊಣೆ ನಡೆದಿಲ್ಲ.

ಈಗ ಆ ಪ್ರಶ್ನೆಗೆ ಬರುತ್ತೇನೆ. ಐದು ತರಗತಿಗೆ ಇಬ್ಬರೇ ಏಕೆ? ಶಿಕ್ಷಣ ಹಕ್ಕು ಕಾಯ್ದೆಯ ಕೊನೆಯಲ್ಲಿ ಒಂದು ಅನುಸೂಚಿ ಇದೆ. ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 90ರ ತನಕ ಮೂವರು, 120ರ ತನಕ ನಾಲ್ವರು. ಐದು ತರಗತಿಗೆ ಐದು ಜನ ಬರಬೇಕಾದರೆ 121 ಮಕ್ಕಳು ಬೇಕು. ಇಲ್ಲಿ ಕೂತಿರುವ ಎಸ್‌ಡಿಎಂಸಿಯವರು, ಅಂದರೆ ಶಾಲಾಭಿವೃದ್ಧಿ ಸಮಿತಿಯವರು, ನಿಮ್ಮ ನಿಮ್ಮ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯನ್ನು ನೆನೆಸಿಕೊಳ್ಳಿ. 121 ಮಕ್ಕಳಿರುವ ಶಾಲೆ ಎಷ್ಟಿವೆ?

ಇಬ್ಬರಿರುವ ಶಾಲೆಯ ದಿನ ಹೇಗಿರುತ್ತದೆಂದು ಹೇಳುತ್ತೇನೆ, ಏಕೆಂದರೆ ಅದನ್ನು ಆದೇಶ ಹೊರಡಿಸುವವರು ಕಂಡಿಲ್ಲ. ಒಂದು ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿಯ ನಲಿ-ಕಲಿ. ಇನ್ನೊಂದರಲ್ಲಿ ನಾಲ್ಕು ಮತ್ತು ಐದು. ಮುಖ್ಯ ಶಿಕ್ಷಕರೇ ಒಂದು ಕೋಣೆಯ ಮೇಷ್ಟ್ರು. ಹಾಲು ಕಾಯಿಸಿದ್ದು, ಮೊಟ್ಟೆ ಬೇಯಿಸಿದ್ದು, ಅಕ್ಕಿ ಬೇಳೆಯ ದಾಸ್ತಾನು ಅವರೇ ಬರೆಯಬೇಕು. ಆನ್‌ಲೈನಿನಲ್ಲಿ ಮಾಹಿತಿ ತುಂಬಬೇಕು. ಸಿಆರ್‌ಪಿ ಫೋನ್ ಮಾಡಿದರೆ ಆ ಅಂಕಿ, ಈ ಅಂಕಿ ಕೊಡಬೇಕು. ಇಬ್ಬರಲ್ಲಿ ಒಬ್ಬರಿಗೆ ತರಬೇತಿ ಬಂತೆಂದರೆ, ಒಬ್ಬರು ಹೆರಿಗೆ ರಜೆಗೆ ಹೋದರೆ, ಇಡೀ ಶಾಲೆಗೆ ಒಬ್ಬರು. ಆ ದಿನ ಪಾಠ ನಡೆಯುವುದಿಲ್ಲ, ಮಕ್ಕಳನ್ನು ಕಾಯುವ ಕೆಲಸವಷ್ಟೇ ನಡೆಯುತ್ತದೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು ಇದೇ ಕಾಯ್ದೆ ಹೇಳುತ್ತದೆ. ಶಾಲೆಯೊಳಗೇ ಬೆಳೆದಿರುವ ಈ ಬರವಣಿಗೆಯ ಕೆಲಸಕ್ಕೆ ಮಾತ್ರ ಅದರಲ್ಲಿ ತಡೆ ಕಾಣುವುದಿಲ್ಲ.

ನಲಿ-ಕಲಿಯ ಮೇಲೆ ನಿಮಗೆ ಅನುಮಾನವಿದೆ, ಗೊತ್ತು. ಮೂರು ತರಗತಿಯನ್ನು ಸೇರಿಸಿ ಕೂರಿಸುವುದನ್ನು ನೋಡಿ ಮಗುವಿಗೆ ಏನೂ ಬರುವುದಿಲ್ಲ ಅಂದುಕೊಂಡಿದ್ದೀರಿ. ಆ ಪದ್ಧತಿ ಬಂದದ್ದು ಹೀಗೆ. 1995ರಲ್ಲಿ ಎಚ್.ಡಿ. ಕೋಟೆಯ ಶಿಕ್ಷಕರು ರಿಷಿವ್ಯಾಲಿ ಶಾಲೆಯ ಪದ್ಧತಿಯನ್ನು ಕಂಡು ಬಂದು ಅದನ್ನು ನಮ್ಮ ನೆಲಕ್ಕೆ ಹೊಂದಿಸಿದರು. ಕಾರ್ಡು, ಕಲಿಕಾ ಮೆಟ್ಟಿಲು, ತಲೆಯ ಮೇಲೆ ಮಕ್ಕಳ ಚಿತ್ರ ತೂಗುವ ಚಪ್ಪರ, ಪ್ರತಿ ಮಗು ತನ್ನ ವೇಗದಲ್ಲಿ ಹತ್ತುವ ದಾರಿ. ಸರಿಯಾಗಿ ನಡೆದ ಕಡೆ ಅದು ಬಹಳ ಚೆನ್ನಾಗಿ ನಡೆದಿದೆ. ಆದರೆ ಅದಕ್ಕೆ ಮಕ್ಕಳ ಪಕ್ಕ ಇಡೀ ದಿನ ಕೂರುವ ಶಿಕ್ಷಕಿ ಬೇಕು. ಶಿಕ್ಷಕರ ಕೊರತೆ ಮುಚ್ಚುವ ಉಪಾಯವಾಗಿ ಅದನ್ನು ಬಳಸಿದಾಗ ಒಳ್ಳೆಯ ಪದ್ಧತಿಗೂ ಕೆಟ್ಟ ಹೆಸರು ಬಂತು.

ಇದನ್ನೆಲ್ಲ ನೋಡಿ ನೀವು ಮಕ್ಕಳನ್ನು ಊರಿನ ಶಾಲೆ ಬಿಡಿಸಿದಿರಿ. ಮಕ್ಕಳು ಕಡಿಮೆಯಾದರು. ಅನುಸೂಚಿಯ ಲೆಕ್ಕದಲ್ಲಿ ಒಬ್ಬ ಶಿಕ್ಷಕರು ಹೆಚ್ಚುವರಿ ಆದರು, ಬೇರೆ ಶಾಲೆಗೆ ವರ್ಗವಾದರು. ಅದನ್ನು ನೋಡಿ ಇನ್ನೂ ನಾಲ್ಕು ಮನೆಯವರು ಬಿಡಿಸಿದರು. ಈ ತಿರುಗಣಿ ನಿಲ್ಲಬೇಕಾದರೆ ಎಲ್ಲಾದರೂ ಒಂದು ಕಡೆ ಅಡ್ಡಗಟ್ಟೆ ಹಾಕಬೇಕು. ಅದನ್ನು ಹಾಕಬೇಕಾದ ಜಾಗ ಶಿಕ್ಷಕರ ಲೆಕ್ಕವೇ. ಅನುಸೂಚಿ ಹೇಳುವುದು ಕನಿಷ್ಠ, ಅದಕ್ಕಿಂತ ಹೆಚ್ಚು ಕೊಡಬೇಡಿ ಎಂದು ಕೇಂದ್ರದ ಕಾಯ್ದೆ ಎಲ್ಲೂ ಹೇಳಿಲ್ಲ. ಆರರಿಂದ ಎಂಟನೇ ತರಗತಿಗೆ ತರಗತಿಗೊಬ್ಬ ಶಿಕ್ಷಕರಾದರೂ ಇರಬೇಕೆಂದು ಅದೇ ಅನುಸೂಚಿ ಹೇಳಿದೆ. ಅಕ್ಷರ ಕಲಿಯುವ ಆರು ವರ್ಷದ ಮಗುವಿಗೆ ಆ ಭಾಗ್ಯ ಏಕಿಲ್ಲ?

ಇಂಗ್ಲಿಷಿಗಾಗಿ ಜನ ಶಾಲೆ ಬಿಡುತ್ತಾರೆ ಎಂದು ಪಂಡಿತರು ಹೇಳುತ್ತಾರೆ. ಅದರಲ್ಲಿ ಸತ್ಯವಿದೆ, ಪೂರ್ಣ ಸತ್ಯವಿಲ್ಲ. ಇಂಗ್ಲಿಷನ್ನು ಒಂದು ಭಾಷೆಯಾಗಿ ಒಂದನೇ ತರಗತಿಯಿಂದಲೇ ಕಲಿಸಲು ಶುರುಮಾಡಿ ಹದಿನೈದು ವರ್ಷಕ್ಕೂ ಮೇಲಾಯಿತು. ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದರು. ಆಮೇಲೂ ನೀವು ಹೊರಗೆ ನೋಡುತ್ತಲೇ ಇದ್ದೀರಿ. ಮಗು ಮನೆಮಾತಿನಲ್ಲೇ ಓದು ಬರಹ ಕಲಿಯಬೇಕು, ಅದರ ಜೊತೆಗೆ ಇಂಗ್ಲಿಷನ್ನು ಚೆನ್ನಾಗಿ ಬಲ್ಲವರು ಕಲಿಸಬೇಕು ಎಂಬುದು ನನ್ನ ನಂಬಿಕೆ, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಆದರೆ ಎರಡೂ ಭಾಷೆಯನ್ನು ಕಲಿಸಲು ಕೋಣೆಯಲ್ಲಿ ಒಬ್ಬರು ನಿಂತಿರಬೇಕು. ಖಾಸಗಿ ಕಾನ್ವೆಂಟಿನ ಶಿಕ್ಷಕಿಗೆ ಎಷ್ಟೋ ಸಲ ಡಿ.ಎಡ್. ಕೂಡ ಆಗಿರುವುದಿಲ್ಲ, ಸಂಬಳ ನಮ್ಮ ಅತಿಥಿ ಶಿಕ್ಷಕರ ಗೌರವಧನಕ್ಕಿಂತಲೂ ಕಡಿಮೆ. ಆದರೂ ಪ್ರತಿ ತರಗತಿಗೂ ಒಬ್ಬರಿರುತ್ತಾರೆ. ಮಗುವನ್ನು ಆ ಶಾಲೆಯ ವ್ಯಾನು ಹತ್ತಿಸುವ ತಾಯಿ ನೋಡುವುದು ಅದನ್ನೇ, ಅವಳ ಲೆಕ್ಕ ತಪ್ಪಲ್ಲ.

ಶಿಕ್ಷಕರಿಲ್ಲದೆ ಮಕ್ಕಳು ಉಳಿಯುವುದಿಲ್ಲ ಎಂಬುದನ್ನು ಕೊರೊನಾ ಬಂದಾಗ ನಾವೆಲ್ಲ ಕಂಡೆವು. ಶುಲ್ಕ ಕಟ್ಟಲಾಗದೆ ಎಷ್ಟೋ ಮನೆಯವರು ಮಕ್ಕಳನ್ನು ಸರ್ಕಾರಿ ಶಾಲೆಗೆ ತಂದರು, ದಾಖಲಾತಿ ಏರಿತು. ಬಂದ ಮಕ್ಕಳಿಗೆ ತಕ್ಕಷ್ಟು ಶಿಕ್ಷಕರನ್ನು ಕೊಟ್ಟಿದ್ದರೆ ಅವರಲ್ಲಿ ಬಹಳ ಜನ ಉಳಿಯುತ್ತಿದ್ದರು. ಕೈಗೆ ಬಂದ ಕಾಲ ಹಾಗೇ ಹೋಯಿತು. ಅದರ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ಜನ ಊರಿನ ಶಾಲೆ ಬಿಡಲು ಇನ್ನೊಂದು ಕಾರಣವಿದೆ, ಅದರ ಬಗ್ಗೆ ನಾವು ಸಾಕಷ್ಟು ಮಾತಾಡಿಲ್ಲ. ಊರಿನ ಶಾಲೆ ಮಗುವನ್ನು ಕರೆಯುವುದು ಆರನೇ ವಯಸ್ಸಿಗೆ. ಖಾಸಗಿ ಶಾಲೆ ಕರೆಯುವುದು ಮೂರೂವರೆಗೆ. ಎಲ್‌ಕೆಜಿ, ಯುಕೆಜಿ ಮುಗಿಸಿ ಗೆಳೆಯರನ್ನು ಮಾಡಿಕೊಂಡ ಮಗುವನ್ನು ಮತ್ತೆ ಊರ ಶಾಲೆಗೆ ಕರೆತರಲು ಯಾವ ತಾಯಿಗೆ ಮನಸ್ಸಾದೀತು? ನಮ್ಮ ಶಿಕ್ಷಕರು ಜೂನ್‌ನಲ್ಲಿ ಜಾಥಾ ಮಾಡಿ ಮನೆ ಮನೆ ತಿರುಗುವ ಹೊತ್ತಿಗೆ ಮಗುವಿನ ಶಾಲೆ ಯಾವುದೆಂಬುದು ಇತ್ಯರ್ಥವಾಗಿ ಎರಡು ವರ್ಷ ಆಗಿರುತ್ತದೆ. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಪೂರ್ವ ಪ್ರಾಥಮಿಕ ಶುರುವಾದ ಕಡೆ ಸೀಟಿಗೆ ಜನ ಸಾಲು ನಿಂತದ್ದು ಇದಕ್ಕೇ. ಆದರೆ ಅಂಗನವಾಡಿ ಕಾರ್ಯಕರ್ತೆಯರು ತಮ್ಮ ಕೇಂದ್ರದ ಮಕ್ಕಳೂ ತಮ್ಮ ಕೆಲಸವೂ ಹೋಗುತ್ತವೆಂದು ಬೀದಿಗಿಳಿದರು. ಅವರ ಭಯ ನ್ಯಾಯವಾದದ್ದು. ಹಳ್ಳಿಯ ಶಾಲೆಯ ಆವರಣಕ್ಕೇ ಅಂಗನವಾಡಿಯನ್ನು ತಂದು, ಅಲ್ಲಿರುವ ಕಾರ್ಯಕರ್ತೆಯರಿಗೇ ತರಬೇತಿ ಕೊಟ್ಟು, ಜೊತೆಗೆ ಒಬ್ಬ ಶಿಕ್ಷಕಿಯನ್ನು ಕೊಡಬೇಕು. ಪ್ರೊ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರಲ್ಲಿ ಕೊಟ್ಟ ವರದಿ ಎರಡು ವರ್ಷದ ಪೂರ್ವ ಪ್ರಾಥಮಿಕವನ್ನು ಶಾಲೆಯ ಚೌಕಟ್ಟಿನೊಳಗೇ ಸೇರಿಸಿದೆ. ಅದು ಕಡತದಲ್ಲಿ ಮಲಗದಂತೆ ನಾವು ನೋಡಿಕೊಳ್ಳಬೇಕು.

ಸಣ್ಣ ಶಾಲೆಗಳನ್ನು ದೊಡ್ಡ ಶಾಲೆಯಲ್ಲಿ ವಿಲೀನ ಮಾಡುವ ಮಾತು ಬಂದಾಗ ಅವಸರದಿಂದ ಹೂಂ ಎನ್ನಬೇಡಿ, ಅವಸರದಿಂದ ಬೇಡವೆಂದೂ ಹೇಳಬೇಡಿ. ಬಸ್ಸು ಯಾರು ಕೊಡುತ್ತಾರೆ, ಎಷ್ಟು ವರ್ಷ ಕೊಡುತ್ತಾರೆ, ಬರವಣಿಗೆಯಲ್ಲಿ ಕೇಳಿ. ಒಂದು ಕಿಲೋಮೀಟರ್ ಒಳಗೆ ಕಿರಿಯ ಪ್ರಾಥಮಿಕ ಶಾಲೆ ಇರಬೇಕೆಂಬುದು ನಮ್ಮ ರಾಜ್ಯದ ನಿಯಮವೇ. ಹಳ್ಳ ದಾಟಿ ಹೋಗಬೇಕಾದ ಕಡೆ ಮೊದಲು ಶಾಲೆ ಬಿಡುವವರು ಹೆಣ್ಣುಮಕ್ಕಳು.

ಇದನ್ನೆಲ್ಲ ಕೇಳುವ ಅಧಿಕಾರ ನಿಮಗಿದೆ. ರಾಜಾ ರಾಮಣ್ಣ ಅವರ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ 2001ರಲ್ಲೇ ನಮ್ಮಲ್ಲಿ ಎಸ್‌ಡಿಎಂಸಿ ಬಂತು. ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಅದಕ್ಕೆ ಇಡೀ ದೇಶದ ಕಾನೂನಿನ ಬಲ ಸಿಕ್ಕಿತು. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು. 22ನೇ ಸೆಕ್ಷನ್ ಪ್ರಕಾರ ಶಾಲಾಭಿವೃದ್ಧಿ ಯೋಜನೆ ಬರೆಯುವವರು ನೀವು, ಸರ್ಕಾರ ಅನುದಾನ ಕೊಡುವುದು ಆ ಯೋಜನೆಯ ಆಧಾರದ ಮೇಲೆ. ಎಷ್ಟೋ ಕಡೆ ಅದನ್ನು ಮುಖ್ಯ ಶಿಕ್ಷಕರೇ ಭರ್ತಿ ಮಾಡಿ, ಸದಸ್ಯರಿಂದ ಸಹಿ ಹಾಕಿಸಿಕೊಂಡು ಕಳಿಸುತ್ತಾರೆ. ಅದರಲ್ಲಿ ಸುಣ್ಣ ಬಣ್ಣ, ಕಾಂಪೌಂಡು, ಶೌಚಾಲಯ ಇರುತ್ತವೆ. ಅವೂ ಬೇಕು. ಈ ವರ್ಷದ ಯೋಜನೆಯಲ್ಲಿ ಮೊದಲ ಸಾಲು ಇದಾಗಲಿ: ನಮ್ಮ ಶಾಲೆಯಲ್ಲಿ ಇಷ್ಟು ತರಗತಿ, ಇಷ್ಟು ಮಕ್ಕಳು, ಇಷ್ಟು ಶಿಕ್ಷಕರು, ತರಗತಿಗೊಬ್ಬರಂತೆ ಇಷ್ಟು ಜನ ಕಡಿಮೆ. ತಾಯಂದಿರು ಓದಿಸಿ ಕೇಳದೆ ಸಹಿ ಹಾಕಬೇಡಿ.

ಊಟದ ನಂತರ ನಿರ್ಣಯಗಳ ಗೋಷ್ಠಿ ಇದೆ. ಅಧ್ಯಕ್ಷ ಸ್ಥಾನದಿಂದ ನಾನು ಎರಡು ನಿರ್ಣಯ ಮಂಡಿಸುತ್ತೇನೆ. ಮೊದಲನೆಯದು, ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಏನೇ ಇರಲಿ, ತರಗತಿಗೊಬ್ಬ ಕಾಯಂ ಶಿಕ್ಷಕರನ್ನು ಕೊಡಬೇಕು, ಅದನ್ನು ಈಗಿರುವ ಸಣ್ಣ ಶಾಲೆಗಳಿಂದಲೇ ಶುರುಮಾಡಬೇಕು. ಎರಡನೆಯದು, ದಾಖಲಾತಿ ಕಡಿಮೆಯಾಯಿತೆಂದು ಮೂರು ವರ್ಷದ ತನಕ ಯಾವ ಶಾಲೆಯಿಂದಲೂ ಶಿಕ್ಷಕರನ್ನು ಹೆಚ್ಚುವರಿ ಎಂದು ತೆಗೆಯಬಾರದು. ಬಿಇಒ ಅವರಿಗೂ ಶಾಸಕರಿಗೂ ಕೊಡುವ ಮನವಿಗೆ ಪ್ರತಿ ಶಾಲೆಯ ಅಂಕಿ ಸೇರಬೇಕು. ಬಾಗಿಲ ಬಳಿ ಕೂತಿರುವ ಕಾರ್ಯಕರ್ತರ ಬಳಿ ಒಂದು ಹಾಳೆ ಇದೆ. ನಿಮ್ಮ ಊರು, ತರಗತಿ, ಮಕ್ಕಳು, ಶಿಕ್ಷಕರು, ಇಷ್ಟನ್ನು ಬರೆಸಿ ಊಟಕ್ಕೆ ಹೋಗಿ. ಬರೆಯಲು ಬಾರದವರು ಹೇಳಿ, ಅವರು ಬರೆದುಕೊಳ್ಳುತ್ತಾರೆ.