ಬಿಪಿಎಲ್ ಕಾರ್ಡ್ ಇದ್ದರೆ ಸಾಕೇ?
(ಹೆಗ್ಗರಣೆಯ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಕಳೆದ ಮಳೆಗಾಲದಲ್ಲಿ ನಮ್ಮ ಸಂಘದ ಒಬ್ಬ ಅಕ್ಕನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯ್ತು. ಮನೆಯವರು ಗಾಬರಿಯಲ್ಲಿ ನೇರವಾಗಿ ಖಾಸಗಿ ಆಸ್ಪತ್ರೆಗೆ ಕರೆದೊಯ್ದರು. ಬಿಲ್ಲು ಕಟ್ಟಲು ಕಿವಿಯೋಲೆ ಅಡವಿಟ್ಟರು, ಸಂಘದಲ್ಲೂ ಸಾಲ ತೆಗೆದರು. "ಬಿಪಿಎಲ್ ಕಾರ್ಡ್ ಇತ್ತಲ್ಲ ಸಿಸ್ಟರ್, ಅದು ಸಾಕಾಗ್ಲಿಲ್ವಾ?" ಎಂದು ಅವರು ಕೇಳಿದಾಗ ನಾವು ತಲೆ ತಗ್ಗಿಸಿದೆವು. ಪ್ರತಿ ಸಭೆಯಲ್ಲೂ ಉಳಿತಾಯ, ಬಡ್ಡಿಯ ಲೆಕ್ಕ ಹೇಳಿದ ನಾವು ಇದನ್ನು ಹೇಳಿಕೊಟ್ಟಿರಲಿಲ್ಲ.

2018ರಲ್ಲಿ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಂತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಇದು ತಲೆಗೆ ಇಷ್ಟೆಂದಲ್ಲ, ಇಡೀ ಮನೆಗೆ. ಎಪಿಎಲ್‌ನವರಿಗೆ ಯೋಜನೆಯ ದರದ ಶೇ. 30 ಮಾತ್ರ ಸಿಗುತ್ತದೆ, ಅದೂ ಒಂದೂವರೆ ಲಕ್ಷದವರೆಗೆ. ಕಂತು ಕಟ್ಟುವುದೇನೂ ಇಲ್ಲ. ಆದರೆ ದಾರಿ ತಪ್ಪಬಾರದು. ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ರೆಫರಲ್ ಚೀಟಿ ಕೇಳಿ ಪಡೆಯಬೇಕು. ಯೋಜನೆಯ ಪಟ್ಟಿಯಲ್ಲಿರುವ ತುರ್ತು ಕಾಯಿಲೆಗಳಿಗೆ ಮಾತ್ರ ಚೀಟಿ ಬೇಡ. ಆಗಲೂ ಆಸ್ಪತ್ರೆ ಯೋಜನೆಗೆ ಸೇರಿರಬೇಕು. ಅಲ್ಲಿನ ಆರೋಗ್ಯಮಿತ್ರರನ್ನು ದಾಖಲಾಗುವಾಗಲೇ ಕಾಣಿ, ಬಿಲ್ಲು ಬಂದ ಮೇಲಲ್ಲ.

ಕೆಲವರು 30 ಸಾವಿರದ ಹಳೇ ಸ್ಮಾರ್ಟ್ ಕಾರ್ಡನ್ನು ಇನ್ನೂ ಜೋಪಾನವಾಗಿ ಇಟ್ಟಿದ್ದೀರಿ. ಅದು ಈಗ ನಡೆಯುವುದಿಲ್ಲ.

ಇನ್ನೊಂದು ಯಶಸ್ವಿನಿ. ಸಹಕಾರಿಗಳಿಗಾಗಿ 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ನಡೆಯುತ್ತಿದೆ. ಇದಕ್ಕೆ ಬಿಪಿಎಲ್ ಕಾರ್ಡ್ ಬೇಡ, ಸೊಸೈಟಿ ಸದಸ್ಯತ್ವ ಬೇಕು. ಸಹಕಾರಿ ಬ್ಯಾಂಕು, ಸೊಸೈಟಿಯಲ್ಲಿ ವ್ಯವಹಾರ ಇರುವ ಸ್ವಸಹಾಯ ಸಂಘದವರೂ ಸೇರಬಹುದು. ಮತ್ತೆ ಶುರುವಾದಾಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ ಇತ್ತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಉಚಿತ. ಪ್ರತಿ ವರ್ಷ ನವೀಕರಿಸಬೇಕು. ಈ ವರ್ಷದ ಮೊತ್ತ, ಕೊನೇ ದಿನಾಂಕವನ್ನು ಸೊಸೈಟಿಯಲ್ಲೇ ಕೇಳಿ.

ಮುಂದಿನ ಸಭೆಗೆ ಎಲ್ಲರೂ ಆಧಾರ್, ರೇಷನ್ ಕಾರ್ಡ್ ತನ್ನಿ. ಎರಡರಲ್ಲೂ ಹೆಸರು ಒಂದೇ ಇದೆಯೋ? ಹೊಸ ಸೊಸೆಯ ಹೆಸರು ಇನ್ನೂ ತವರಿನ ಕಾರ್ಡಿನಲ್ಲೇ ಇದೆಯೋ? ನೋಡೋಣ. ತಪ್ಪಿದ್ದರೆ ಈಗಲೇ ಸರಿಮಾಡಿಸಬೇಕು, ನೋವು ಬಂದ ರಾತ್ರಿ ಆಗುವ ಕೆಲಸವಲ್ಲ.

ಓಲೆ ಅಡವಿಟ್ಟ ಆ ಅಕ್ಕನೇ ಎಲ್ಲರ ಕಾರ್ಡು ನೋಡಿಕೊಡುವುದಾಗಿ ಹೇಳಿದ್ದಾರೆ. ನಾವೂ ಜೊತೆಗಿರುತ್ತೇವೆ.