ದ್ರಾಕ್ಷಿಯೂ ಮೈಲುತುತ್ತವೂ



ಬಿಜ್ಜರಗಿ, ತಿಕೋಟಾ, ಬಬಲೇಶ್ವರಗಳ ಸೀಮೆಯಲ್ಲಿ ದ್ರಾಕ್ಷಿ ಬೆಳೆಯುವವರಿಗೆ ಮೈಲುತುತ್ತ ಹೊಸದಲ್ಲ. ಸುಣ್ಣದ ನೀರಿನೊಡನೆ ಅದನ್ನು ಬೆರೆಸಿ, ಬೂಜು ತುಪ್ಪಟ ರೋಗ ತಗಲದಿರಲೆಂದು ಬಳ್ಳಿಗೆ ಸಿಂಪಡಿಸುತ್ತಾರೆ. ಬೋರ್ಡೋ ದ್ರಾವಣವೆಂಬ ಅದರ ಹೆಸರು ಫ್ರಾನ್ಸಿನ ದ್ರಾಕ್ಷಿಯ ನಾಡಿನಿಂದ ಬಂದದ್ದು. ಬಳ್ಳಿಯನ್ನು ಕಾಯುವ ಆ ನೀಲಿಯ ತಾಮ್ರವೇ ಪ್ರಯೋಗಶಾಲೆಯ ಪ್ರನಾಳದಲ್ಲಿ ಹಣ್ಣಿನ ಸಕ್ಕರೆಗೆ ಸಾಕ್ಷಿ ನುಡಿಯುತ್ತದೆ. ಆ ಸಾಕ್ಷ್ಯವನ್ನು ಎಲ್ಲಿಯವರೆಗೆ ನಂಬಬಹುದು ಎಂಬುದೇ ಈ ಹೊತ್ತಿನ ಮಾತು.

ಮೈಲುತುತ್ತ, ಸೋಡಿಯಂ ಕಾರ್ಬೊನೇಟ್, ಸೋಡಿಯಂ ಸಿಟ್ರೇಟ್ ಈ ಮೂರೂ ನೀರಿನಲ್ಲಿ ಕರಗಿದರೆ ಬೆನೆಡಿಕ್ಟ್ ದ್ರಾವಣ. ಜರ್ಮನಿಯ ಫೆಲಿಂಗ್ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ತೋರಿಸಿದ ದಾರಿಯನ್ನೇ ಅಮೆರಿಕದ ಸ್ಟಾನ್ಲಿ ಬೆನೆಡಿಕ್ಟ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸುಗಮಗೊಳಿಸಿದರು. ಸಿಟ್ರೇಟ್ ಇಲ್ಲದಿದ್ದರೆ ತಾಮ್ರವು ಕ್ಷಾರದಲ್ಲಿ ನಿಲ್ಲದೆ ತಳ ಸೇರಿಬಿಡುತ್ತದೆ. ಈ ದ್ರಾವಣಕ್ಕೆ ದ್ರಾಕ್ಷಿರಸದ ಕೆಲವು ಹನಿ ಹಾಕಿ ಕುದಿಸಿದರೆ ನೀಲಿಯು ಹಸಿರಾಗಿ, ಹಳದಿಯಾಗಿ, ಕಿತ್ತಳೆಯಾಗಿ, ಕೊನೆಗೆ ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ. ರಸದಲ್ಲಿರುವ ಗ್ಲುಕೋಸ್, ಫ್ರಕ್ಟೋಸ್‌ಗಳು ತಾಮ್ರಕ್ಕೆ ಎಲೆಕ್ಟ್ರಾನುಗಳನ್ನು ಕೊಡುತ್ತವೆ. ತಾಮ್ರವು ಕೆಂಪು ಆಕ್ಸೈಡಾಗಿ ತಳಕ್ಕಿಳಿಯುತ್ತದೆ. ಹೀಗೆ ಕೊಡಬಲ್ಲವೇ ಅಪಕರ್ಷಕ ಸಕ್ಕರೆಗಳು. ಬರ್ಲಿನ್ನಿನ ಮಾರ್ಗ್ರಾಫ್ 1747ರಲ್ಲಿ ಗ್ಲುಕೋಸನ್ನು ಬೇರ್ಪಡಿಸಿದ್ದು ಒಣದ್ರಾಕ್ಷಿಯಿಂದ ಎಂಬುದನ್ನು ನಮ್ಮ ಸೀಮೆಯವರು ತುಸು ಹೆಮ್ಮೆಯಿಂದಲೇ ಕೇಳಬಹುದು.

ಆದರೆ ಚಹಾಕ್ಕೆ ಹಾಕುವ ಬಿಳಿಯ ಸಕ್ಕರೆಯನ್ನು ಪರೀಕ್ಷಿಸಿರಿ. ನಾಲಿಗೆಗೆ ಅದು ಗ್ಲುಕೋಸಿಗಿಂತ ಸಿಹಿ. ದ್ರಾವಣ ಮಾತ್ರ ನೀಲಿಯಾಗಿಯೇ ಉಳಿಯುತ್ತದೆ. ಅದರಲ್ಲಿಯೂ ಗ್ಲುಕೋಸ್, ಫ್ರಕ್ಟೋಸ್‌ಗಳೇ ಇವೆ, ಆದರೆ ಕೊಡುವ ಕೈಗಳನ್ನೇ ಪರಸ್ಪರ ಹೆಣೆದುಕೊಂಡಿವೆ. ದುರ್ಬಲ ಆಮ್ಲದಲ್ಲಿ ಕುದಿಸಿ ಆ ಹೆಣಿಕೆಯನ್ನು ಬಿಡಿಸಿ, ಸೋಡಾದಿಂದ ಆಮ್ಲವನ್ನು ತಣಿಸಿ, ಮತ್ತೆ ಪರೀಕ್ಷಿಸಿದರೆ ಅದೇ ಸಕ್ಕರೆ ಕೆಂಪನ್ನು ತೋರುತ್ತದೆ. ಬೆಲ್ಲದಲ್ಲಿ ಒಂದಷ್ಟು ಭಾಗ ಮೊದಲೇ ಬಿಡಿಯಾಗಿರುವುದರಿಂದ ಅದು ಹಾಗೆಯೇ ಬಣ್ಣ ಕೊಡುತ್ತದೆ. ನೀಲಿ ಉಳಿದ ಮಾತ್ರಕ್ಕೆ ಸಿಹಿಯಿಲ್ಲ ಎನ್ನುವಂತಿಲ್ಲ.

ಈ ಮಾತು ಬರಿಯ ಪಾಠವಲ್ಲ. ದಶಕಗಳ ಕಾಲ ಮಧುಮೇಹವನ್ನು ಕಂಡುಹಿಡಿದದ್ದು ಈ ದ್ರಾವಣದಿಂದಲೇ: 5 ಮಿಲಿಲೀಟರಿಗೆ 8 ಹನಿ ಮೂತ್ರ, ಎರಡು ನಿಮಿಷದ ಕುದಿತ. ಹಸಿರಾದರೆ ಸ್ವಲ್ಪ, ಕೆಂಪಾದರೆ ವಿಪರೀತ. ನೀಲಿ ಉಳಿಯಿತೆಂದರೆ ಮನೆಮಂದಿ ನಿಟ್ಟುಸಿರು ಬಿಡುತ್ತಿದ್ದರು. ಆ ನೆಮ್ಮದಿಯೇ ಅಪಾಯದ್ದು. ರಕ್ತದಲ್ಲಿ ಗ್ಲುಕೋಸ್ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟುವವರೆಗೆ ಮೂತ್ರಪಿಂಡಗಳು ಅದನ್ನು ಹೊರಗೆ ಬಿಡುವುದು ಅಪರೂಪ. ಅಷ್ಟರವರೆಗೆ ಪ್ರನಾಳ ನೀಲಿಯೇ, ರೋಗ ಮಾತ್ರ ಒಳಗೊಳಗೇ ಬೆಳೆಯುತ್ತಿರಬಹುದು. ಇತ್ತ, ವಿಟಮಿನ್ ಸಿ ಹೆಚ್ಚಾಗಿ ಸೇವಿಸಿದವನ ಮೂತ್ರ ಸಕ್ಕರೆಯಿಲ್ಲದೆಯೂ ಬಣ್ಣ ತೋರಬಲ್ಲದು. ತಾಮ್ರಕ್ಕೆ ಕೊಡುವವನು ಯಾರೆಂಬ ಗುರುತಿಲ್ಲ.

ಇಂದು ಬೆರಳತುದಿಯ ರಕ್ತದ ಹನಿಯನ್ನು ಹೀರುವ ಪಟ್ಟಿಯಲ್ಲಿರುವುದು ಗ್ಲುಕೋಸನ್ನೇ ಗುರುತಿಸಿ ಹಿಡಿಯುವ ಕಿಣ್ವ. ಬೆನೆಡಿಕ್ಟರ ನೀಲಿ ಬಹುಮಟ್ಟಿಗೆ ಕಾಲೇಜಿನ ಪ್ರಯೋಗಶಾಲೆಗಳಿಗೆ ಸರಿದಿದೆ. ಅಲ್ಲಿ ಅದರ ಮೊದಲ ಕೆಂಪು ಕಂಡ ವಿದ್ಯಾರ್ಥಿ ಇಂದಿಗೂ ಪಕ್ಕದವನನ್ನು ಕರೆದು ತೋರಿಸುತ್ತಾನೆ.